ಬೆಲ್ಲದ ಕಾಫಿಯ ಮನೆ

ನಮ್ಮಪ್ಪನಿಗೂ ಚಿಕ್ಕಪ್ಪನಿಗೂ ಸರ್ಕಾರ ಕೊಡುತ್ತಿದ್ದದ್ದು ಒಂದೇ ಸಂಬಳ. ಅಪ್ಪ ಅಜ್ಜಂಪುರದಲ್ಲಿ ಮೇಷ್ಟ್ರು, ಚಿಕ್ಕಪ್ಪ ತರೀಕೆರೆಯಲ್ಲಿ ಮೇಷ್ಟ್ರು. ಇಬ್ಬರದೂ ಬಾಡಿಗೆ ಮನೆ. ಊರಿನ ಹೊಲದಿಂದ ಇಬ್ಬರಿಗೂ ಬರುತ್ತಿದ್ದ ರಾಗಿಯೂ ಸಮಸಮ. ಹೀಗಿದ್ದೂ ಒಂದು ಮನೆಯಲ್ಲಿ ಕಾಫಿಗೆ ಬೆಲ್ಲ, ಇನ್ನೊಂದು ಮನೆಯಲ್ಲಿ ಸಕ್ಕರೆ. ಒಂದೇ ತಾಯಿಯ ಹಾಲು ಕುಡಿದವರಲ್ಲಿ ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ನಾನು ಎಷ್ಟೋ ಸಲ ತಲೆ ಕೆರೆದುಕೊಂಡಿದ್ದೇನೆ. ಇವತ್ತಿಗೂ ಗೊತ್ತಾಗಿಲ್ಲ.

ಒಂದನೇ ತಾರೀಕು ಅಪ್ಪ ಸಂಬಳ ತಂದವರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ನಡುಮನೆಯಲ್ಲಿ ಕೂರುತ್ತಿದ್ದರು. ಗೋಡೆಯ ಗೂಟಗಳಿಗೆ ಅವ್ವ ಹಳೇ ಸೀರೆಯಲ್ಲಿ ಹೊಲಿದ ಚೀಲಗಳು ಸಾಲಾಗಿ ನೇತಾಡುತ್ತಿದ್ದವು. ಒಂದು ಬಾಡಿಗೆಯದು, ಒಂದು ಅಂಗಡಿ ಸಾಮಾನಿನದು, ಒಂದು ಸೀಮೆಎಣ್ಣೆಯದು, ಒಂದು ಮಠಕ್ಕೆ ಕೊಡುವುದು. ಕೆಂಪು ಬಟ್ಟೆಯದು ಅಕ್ಕನ ಮದುವೆಯದು, ಎಲ್ಲಕ್ಕಿಂತ ಮೊದಲು ಅದರ ಬಾಯಿಗೆ ದುಡ್ಡು ಬೀಳಬೇಕು. ಸೀಮೆಎಣ್ಣೆಯ ಚೀಲ ಬರಿದಾದರೆ ಆ ತಿಂಗಳು ಉಳಿದಷ್ಟು ದಿನ ಬೆಳಕಿದ್ದಾಗಲೇ ಊಟ ಮುಗಿಸಿ ಮಲಗುವುದು. ಅಂಗಡಿ ಚೀಲದಲ್ಲಿ ಇದೆಯಲ್ಲ, ಅದರಿಂದಲೇ ಒಂದು ಬಾಟಲಿ ಎಣ್ಣೆ ತರಿಸಿ ಅಂತ ಅವ್ವ ಒಮ್ಮೆ ಕೇಳಿದ್ದಳು. ಪಕ್ಕದ ಮನೆಯವರ ಹಿತ್ತಲಿಗೆ ಕೈ ಹಾಕಿ ಅಂದವಳನ್ನು ನೋಡಿದ ಹಾಗೆ ಅಪ್ಪ ಅವಳನ್ನು ನೋಡಿದ್ದರು. ಅವಳು ಮತ್ತೆ ಕೇಳಲಿಲ್ಲ.

ಆಣೆ ಹೋಗಿ ನಯಾಪೈಸೆ ಬಂದ ಹೊಸದರಲ್ಲಂತೂ ಅಪ್ಪನಿಗೆ ನಿಧಿ ಸಿಕ್ಕಿದಂತಾಯಿತು. ಅಂಗಡಿಯವರು ಇನ್ನೂ ಆಣೆ ಲೆಕ್ಕದಲ್ಲೇ ಬೆಲೆ ಹೇಳುತ್ತಿದ್ದ ಕಾಲ. ಒಂದಾಣೆ ಅಂದರೆ ಆರು ನಯಾಪೈಸೆ ಅಂತ ಲೆಕ್ಕ. ಹಾಗಾದರೆ ಒಂದೊಂದಾಣೆಯದೇ ಸಾಮಾನು ಬೇರೆ ಬೇರೆ ಸಲ ತಂದರೆ ಹದಿನಾರಾಣೆಗೆ ತೊಂಬತ್ತಾರು ಪೈಸೆ ಆಗುತ್ತದೆ, ರೂಪಾಯಿಗೆ ನಾಲ್ಕು ಪೈಸೆ ಉಳಿಯಿತು. ಇದನ್ನು ಅಪ್ಪ ಕಂಡುಹಿಡಿದರು. ಸವೆದದ್ದು ನನ್ನ ಕಾಲು. ಒಂದಾಣೆಯ ಕಡಲೆಬೇಳೆಗೆ ಒಮ್ಮೆ ಹೋಗು, ಒಂದಾಣೆಯ ಹುಣಸೆಹಣ್ಣಿಗೆ ಇನ್ನೊಮ್ಮೆ ಹೋಗು. ನಾನು ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ಅಂಗಡಿಯ ಶೆಟ್ಟರು ಬೇರೆ ಗಿರಾಕಿಗಳ ಕಡೆ ತಿರುಗಿ, ಬಂದ್ಲು ನೋಡಿ ಮೇಷ್ಟ್ರ ಮಗಳು ಆರು ಪೈಸೆ ಹಿಡ್ಕೊಂಡು, ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆಗ ನನಗೆ ಹತ್ತೋ ಹನ್ನೊಂದೋ. ಅವಮಾನಕ್ಕೆ ಕಿವಿಯೆಲ್ಲ ಬಿಸಿಯಾಗುತ್ತಿತ್ತು. ಮನೆಗೆ ಬಂದು ಸಿಡಿಸಿಡಿ ಅಂದರೆ ಅವ್ವ, ಹೋಗ್ಲಿ ಬಿಡು, ಕಾಲಿಗೇನು ಬಾಡಿಗೆ ಕೊಡಬೇಕಾ ಅನ್ನುತ್ತಿದ್ದಳು.

ತರೀಕೆರೆಯ ಒಂದನೇ ತಾರೀಕೇ ಬೇರೆ. ಚಿಕ್ಕಪ್ಪ ಸಂಬಳ ತಗೊಂಡು ನೆಟ್ಟಗೆ ಮನೆಗೆ ಬಂದದ್ದನ್ನು ನಾನು ಕಂಡಿಲ್ಲ. ಹೋಟೆಲಿನ ಮಸಾಲೆ ದೋಸೆ ಬಾಳೆಲೆಯಲ್ಲಿ, ಚಿಕ್ಕಮ್ಮನಿಗೆ ಮೊಳಗಟ್ಟಲೆ ಮಲ್ಲಿಗೆ, ಡಬ್ಬದಲ್ಲಿ ಬಿಸ್ಕತ್ತು, ಆಗತಾನೆ ಪುಡಿ ಮಾಡಿಸಿದ ಕಾಫಿ. ಬೀದಿಯ ಕೊನೆಗೇ ಆ ಕಾಫಿಪುಡಿಯ ಘಮ ಬರುತ್ತಿತ್ತು, ಹಿಂದೆ ಚಿಕ್ಕಪ್ಪ ಬರುತ್ತಿದ್ದರು. ಬೇಸಿಗೆ ರಜಕ್ಕೆ ನಾನು ಅಲ್ಲಿಗೆ ಹೋದರೆ ಮೊದಲ ವಾರ ನನಗೆ ಸ್ವರ್ಗ. ಎರಡನೇ ವಾರ ಸಾಧಾರಣ. ಮೂರನೇ ವಾರ ಹುರುಳಿ ಸಾರು. ನಾಲ್ಕನೇ ವಾರ ಚಿಕ್ಕಮ್ಮ ಸಾಸಿವೆ ಡಬ್ಬಿ ಅಲ್ಲಾಡಿಸಿ ಸದ್ದು ಕೇಳುತ್ತಿದ್ದರು. ಆದರೂ ಚಿಕ್ಕಪ್ಪನ ಮುಖ ಬಾಡುತ್ತಿರಲಿಲ್ಲ. ಹುರುಳಿ ಸಾರಿನಲ್ಲಿ ಮುದ್ದೆ ಮುರಿಯುತ್ತಾ, ಬರೋ ಒಂದನೇ ತಾರೀಕು ಏನು ತರಲಿ ಹೇಳಿ ಅಂತ ಮಕ್ಕಳನ್ನೆಲ್ಲ ಕೇಳುತ್ತಿದ್ದರು. ನಾವು ಹೇಳುತ್ತಿದ್ದೆವು, ಅವರು ತರುತ್ತಲೂ ಇದ್ದರು. ಅವರನ್ನು ಪ್ರೀತಿಸದೆ ಇರುವುದು ಯಾರಿಂದಲೂ ಆಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಅಣ್ಣತಮ್ಮ ನಮ್ಮ ಜಗಲಿಯಲ್ಲಿ ಕೂತು ತಿಂಗಳ ಖರ್ಚು ತಾಳೆ ನೋಡುತ್ತಿದ್ದರು. ನೋಡೋಣ ಅಂತ ಶುರುವಾಗುವುದು, ಜಗಳಕ್ಕೆ ಮುಟ್ಟುವುದು. ಹೂವಿಗೆ ಕೊಟ್ಟ ದುಡ್ಡು ಬೆಳಗಾದರೆ ಬಾಡಿಹೋಯ್ತು ಅಂತ ಅಪ್ಪ. ನಿನ್ನ ಚೀಲದಲ್ಲಿರೋ ದುಡ್ಡು ಅರಳಿದ್ದನ್ನ ಒಂದಿನಾನಾದ್ರೂ ನೋಡಿದ್ದೀಯಾ ಅಂತ ಚಿಕ್ಕಪ್ಪ. ಒಳಗೆ ಅವ್ವ, ಚಿಕ್ಕಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಚಿಕ್ಕಮ್ಮನಿಗೆ ತಿಂಗಳ ಕೊನೆಯಲ್ಲಿ ಒಂದಿಷ್ಟು ಅಕ್ಕಿ ಉಳಿದರೆ ಸಾಕಾಗಿತ್ತು. ಅವ್ವನಿಗೆ ಒಂದು ಮೊಳ ಹೂವು ಸಿಕ್ಕಿದರೆ ಸಾಕಾಗಿತ್ತು. ಆ ಇಬ್ಬರು ಗಂಡಸರ ಸಂಬಳವನ್ನು ಒಂದೇ ಪಾತ್ರೆಗೆ ಸುರಿದು ಕಲಸಿ ಎರಡು ಪಾಲು ಮಾಡಿದ್ದರೆ ಎರಡೂ ಮನೆ ಸುಖವಾಗಿ ಇರುತ್ತಿದ್ದವು ಅಂತ ನನಗೆ ಆಗಲೇ ಅನ್ನಿಸಿತ್ತು. ಹೆಣ್ಣುಮಗು ಹೇಳಿದರೆ ಯಾರು ಕೇಳುತ್ತಾರೆ.

ಅಕ್ಕ ಮಾತ್ರ ಅಪ್ಪನ ಮಗಳು. ನನಗಿಂತ ಎಂಟು ವರ್ಷ ದೊಡ್ಡವಳು. ಬೆಲ್ಲ ಕುಟ್ಟುವಾಗ ಒರಳಿನ ಅಂಚಿಗೆ ಅಂಟಿದ ಪುಡಿಯನ್ನೂ ನೀರು ಹಾಕಿ ತೊಳೆದು ಕಾಫಿಯ ಪಾತ್ರೆಗೆ ಸೇರಿಸುತ್ತಿದ್ದಳು. ಯಾರೋ ಹೇಳಿಕೊಟ್ಟು ಮಾಡಿಸಿದ್ದಲ್ಲ, ಅವಳಿಗೆ ಅದರಲ್ಲಿ ಒಂದು ಸಂತೋಷವಿತ್ತು. ಕಡೂರಿನಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ ಅವಳು ಒಬ್ಬ ಹುಡುಗನನ್ನು ನೋಡಿದಳು. ಊಟದ ಪಂಕ್ತಿ ಏಳುವ ಗದ್ದಲದಲ್ಲಿ ಕೈ ತೊಳೆಯಲು ಇಟ್ಟಿದ್ದ ಹಂಡೆಯ ನಲ್ಲಿಯನ್ನು ಯಾರೋ ಸುರಿಯಲು ಬಿಟ್ಟು ಹೋಗಿದ್ದರಂತೆ. ಅಷ್ಟು ಜನ ಆ ನೀರನ್ನು ದಾಟಿಕೊಂಡು ಹೋದರು. ಇವನು ವಾಪಸು ಬಂದು, ಬಗ್ಗಿ, ನಲ್ಲಿ ತಿರುಗಿಸಿ, ಪಂಚೆ ಒರೆಸಿಕೊಂಡು ಹೋದನಂತೆ. ಅಷ್ಟೇ. ಅಷ್ಟನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೋ. ಒಂದೊಂದು ಸಲ ಒಂದೊಂದು ವಿವರ ಜಾಸ್ತಿಯಾಗುತ್ತಿತ್ತು. ನಾನು ನಲ್ಲಿ ಭಾವ ಅಂತ ರೇಗಿಸಿದರೆ ಹೊಡೆಯಲು ಬರುತ್ತಿದ್ದಳು, ಹೊಡೆಯುತ್ತಿರಲಿಲ್ಲ.

ಆ ಹುಡುಗ ದೇವನೂರಿನ ಕಡೆಯವನು, ಕಡೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಒಂದಿಷ್ಟು ಹೊಲ, ತೆಂಗು, ಕೊಬ್ಬರಿ ವ್ಯಾಪಾರದ ಮನೆತನ. ನಮ್ಮ ಕಡೆ ಮದುವೆಯ ಮಾತುಗಳನ್ನೆಲ್ಲ ಹೊತ್ತು ತರುತ್ತಿದ್ದ ಮಠದ ಅಯ್ಯನವರು ಅದೇ ಮನೆಯ ಸಂಬಂಧ ತಂದಾಗ ಅಕ್ಕ ಅಡಿಗೆಮನೆಯಲ್ಲಿ ಒಲೆ ಊದುತ್ತಿದ್ದವಳು ಊದುವುದನ್ನೇ ನಿಲ್ಲಿಸಿ ಕೂತುಬಿಟ್ಟಳು. ಹೊಗೆ ತುಂಬಿಕೊಂಡರೂ ಎದ್ದು ಬರಲಿಲ್ಲ. ಆ ಹುಡುಗ ಸಿಕ್ಕಿದರೆ ಸಾಕು, ಬೇರೆ ಏನೂ ಬೇಡ ಅಂತ ಅವತ್ತು ನನ್ನೊಬ್ಬಳಿಗೇ ಹೇಳಿದಳು.

ಭಯ ಇದ್ದದ್ದು ಬೇರೆ ಕಡೆ. ಅದಕ್ಕೆ ಮೊದಲು ಎರಡು ಕಡೆಯವರು ಅಕ್ಕನನ್ನು ನೋಡಿ ಹೋಗಿದ್ದರು. ಇಬ್ಬರಿಗೂ ಅಪ್ಪ ಒಗ್ಗರಣೆ ಅವಲಕ್ಕಿ, ಅರ್ಧ ಲೋಟ ಬೆಲ್ಲದ ಕಾಫಿ ಕೊಟ್ಟು ಕಳಿಸಿದ್ದರು. ಅರ್ಧ ಲೋಟ ಕೊಡೋ ಮೇಷ್ಟ್ರು ಮದುವೆ ಇನ್ನೆಂಗೆ ಮಾಡ್ತಾನೆ ಅಂತ ಅವರು ಅಯ್ಯನವರ ಹತ್ತಿರ ನಗಾಡಿದ್ದು ಊರೆಲ್ಲ ಸುತ್ತಿ ನಮ್ಮ ಕಿವಿಗೂ ಬಿದ್ದಿತ್ತು. ಕೆಂಪು ಚೀಲದಲ್ಲಿ ಸೇರಿದ್ದನ್ನು ಅಪ್ಪ ಆಗಾಗ ಬಂಗಾರ ಮಾಡಿಸಿ ಇಟ್ಟಿದ್ದರು, ಮದುವೆ ಚೆನ್ನಾಗಿಯೇ ಮಾಡುವವರಿದ್ದರು. ಅದನ್ನು ಅರ್ಧ ಲೋಟ ಕಾಫಿ ಕುಡಿದವರಿಗೆ ಹೇಳುವವರು ಯಾರು?

ವಿಷಯ ತಿಳಿದು ಚಿಕ್ಕಪ್ಪ ರೈಲು ಹತ್ತಿ ಬೀರೂರಿನಲ್ಲಿ ಬದಲಾಯಿಸಿ ಅಜ್ಜಂಪುರಕ್ಕೆ ಬಂದರು. ಬಂದವರೇ ಚಪ್ಪಲಿ ಬಿಡುವ ಮೊದಲೇ ಮಾತು ತೆಗೆದರು.

"ಅಣ್ಣ, ಈ ಒಂದಿನ ನನಗ್ ಬಿಟ್ಬಿಡು. ನಿನ್ ಕೈ ಕಟ್ಕೊಂಡು ಕೂತ್ಕೊ. ಮಗೀಗೆ ಇಪ್ಪತ್ತಾಗ್ತಾ ಬಂತು, ಇದೂ ತಪ್ಪೋದ್ರೆ ಏನ್ಮಾಡ್ತೀಯ?"

ಅಪ್ಪ ಗೂಟದ ಕಡೆ ನೋಡಿದರು. ಆಮೇಲೆ ಎದ್ದು ಕೆಂಪು ಚೀಲವನ್ನೇ ತೆಗೆದು ತಮ್ಮನ ಕೈಗೆ ಕೊಟ್ಟರು. ಯಾವತ್ತೂ ಒಂದು ಚೀಲದ ದುಡ್ಡನ್ನು ಇನ್ನೊಂದಕ್ಕೆ ಹಾಕದ ಮನುಷ್ಯ.

ಹುಡುಗನ ಕಡೆಯವರು ಬರುವ ದಿನ ನಮ್ಮ ಮನೆ ನನಗೇ ಗುರುತು ಸಿಗಲಿಲ್ಲ. ಡಾಕ್ಟರ ಮನೆಯಿಂದ ಬೆತ್ತದ ಕುರ್ಚಿಗಳು ಬಂದಿದ್ದವು. ತರೀಕೆರೆಯ ಯಾರೋ ಸ್ನೇಹಿತರಿಂದ ಚಿಕ್ಕಪ್ಪ ಬೆಳ್ಳಿ ಲೋಟಗಳನ್ನು ಕೇಳಿ ತಂದಿದ್ದರು. ನಡುಮನೆ ಬಾಗಿಲಿಗೆ ಹೂವಿನ ಚಿತ್ತಾರದ ಹೊಸ ಪರದೆ. ಗೂಟದ ಚೀಲಗಳನ್ನೆಲ್ಲ ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಕೇಸರಿಬಾತಿನಲ್ಲಿ ತುಪ್ಪ ತೇಲುತ್ತಿತ್ತು, ತಟ್ಟೆಯಲ್ಲಿ ಮೈಸೂರು ಪಾಕು ಗೋಪುರದ ಹಾಗೆ ಏರಿತ್ತು. ಚಿಕ್ಕಮ್ಮ ಅಕ್ಕನ ಜಡೆ ಹೆಣೆಯುತ್ತಾ ಪಾಠ ಹೇಳಿಕೊಟ್ಟರು.

"ಏನಾದ್ರೂ ಕೇಳಿದ್ರೆ ದೊಡ್ಡೋರ ಮನೇದನ್ನೇ ಹೇಳ್ಬೇಕು ಕಣೇ. ರಾಗಿನಾ ಅಕ್ಕಿನಾ ಅಂದ್ರೆ ಅಕ್ಕಿ ಅನ್ನು. ಬಡವರ ಮನೆ ಹುಡುಗಿ ಅನ್ನಿಸ್ಕೊಬೇಡ."

ಅಕ್ಕ ತಲೆ ಆಡಿಸಿದಳು. ಜಡೆ ಚಿಕ್ಕಮ್ಮನ ಕೈಯಲ್ಲಿತ್ತು, ಇನ್ನೇನು ಮಾಡಿಯಾಳು.

ಅಪ್ಪ ಇಸ್ತ್ರಿ ಮಾಡಿಸಿದ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ. ಸ್ಟೇಷನ್ನಿಗೆ ಚಿಕ್ಕಪ್ಪ ಜಟಕಾ ಕಳಿಸಿದ್ದರು. ಸ್ವಲ್ಪ ಹೊತ್ತಿಗೆ ಜಟಕಾ ಬಂತು, ಒಳಗೆ ಯಾರೂ ಇಲ್ಲ. ಅದರ ಹಿಂದೆ ಹುಡುಗನ ಅಪ್ಪ, ಅಮ್ಮ, ಹುಡುಗ, ಜೊತೆಗೆ ಅಯ್ಯನವರು ಬಿಸಿಲಿನಲ್ಲಿ ನಡೆದುಕೊಂಡು ಬರುತ್ತಿದ್ದರು. ಇಷ್ಟೇ ದೂರಕ್ಕೆ ಕುದುರೆ ಯಾಕೆ ಅಂತ ಆ ಯಜಮಾನರು, ಹುಡುಗನ ಅಪ್ಪ, ಹತ್ತಲು ಒಪ್ಪಲಿಲ್ಲವಂತೆ. ಅವರ ಛತ್ರಿಗೆ ಬೇರೆ ಬೇರೆ ಬಟ್ಟೆಯ ತೇಪೆ ಇತ್ತು. ಚಿಕ್ಕಪ್ಪ ನಗುತ್ತಾ ಜಟಕಾದವನಿಗೆ ಹೋಗಿ ಬಂದ ಬಾಡಿಗೆ ಎರಡೂ ಕೊಟ್ಟು, ಮೇಲೆ ಕಾಫಿಗೆ ಅಂತ ಬೇರೆ ಕೊಟ್ಟರು. ಯಜಮಾನರು ಅದನ್ನು ನಿಂತು ನೋಡಿದರು.

ಒಳಗೆ ಕೂತ ಮೇಲೆ ಯಜಮಾನರು ಕುರ್ಚಿ ನೋಡಿದರು, ಪರದೆ ನೋಡಿದರು. ತಟ್ಟೆಗೆ ಹಾಕಿದ್ದನ್ನು ಒಂದಗುಳು ಬಿಡದೆ ತಿಂದರು. ಮತ್ತೆ ಹಾಕಲು ಹೋದ ಚಿಕ್ಕಪ್ಪನಿಗೆ ಕೈ ಅಡ್ಡ ಹಿಡಿದರು, ಚಿಕ್ಕಪ್ಪ ಕೈ ಸರಿಸಿ ಹಾಕಿಯೇ ಬಿಟ್ಟರು. ಅದನ್ನೂ ಕಷ್ಟಪಟ್ಟು ತಿಂದು ಮುಗಿಸಿದರು. ಕಾಫಿ ಬಂತು. ಚಿಕ್ಕಮ್ಮನ ಕೈಯ ಕಾಫಿ, ಲೋಟದ ತಳದಲ್ಲಿ ಸಕ್ಕರೆ ಕರಗದೆ ಉಳಿಯುವಷ್ಟು. ಯಜಮಾನರು ಕುಡಿದು, ತಳ ನೋಡಿ, ಪಕ್ಕದ ಚೊಂಬಿನಿಂದ ಒಂದು ಗುಟುಕು ನೀರು ಬಿಟ್ಟು, ಲೋಟ ತಿರುಗಿಸಿ, ಆ ಸಕ್ಕರೆ ನೀರನ್ನೂ ಕುಡಿದರು.

ನಮ್ಮಪ್ಪನೂ ದಿನಾ ಹಾಗೆಯೇ ಕುಡಿಯುವುದು. ಅವತ್ತೂ ಅವರ ಕೈ ತಾನಾಗಿಯೇ ಚೊಂಬಿನ ಕಡೆ ಹೋಯಿತು. ಚಿಕ್ಕಪ್ಪ ಮೊಣಕೈಯಿಂದ ತಿವಿದರು. ಅಪ್ಪ ಕೈ ಹಿಂದಕ್ಕೆ ತಗೊಂಡು, ಸಕ್ಕರೆ ಉಳಿದ ಲೋಟವನ್ನು ಹಾಗೆಯೇ ನೆಲಕ್ಕಿಟ್ಟರು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಕುಡಿಯಪ್ಪಾ, ಕುಡಿದುಬಿಡು ಅಂತ ಈಗ ನೆನೆಸಿಕೊಂಡರೆ ಅನ್ನಿಸುತ್ತದೆ. ಆಗ ನನಗೂ ಏನೂ ಹೊಳೆಯಲಿಲ್ಲ, ಬೆಳ್ಳಿ ಲೋಟ ಚೆನ್ನಾಗಿದೆ ಅಂತಷ್ಟೇ ಇತ್ತು ತಲೆಯಲ್ಲಿ.

ಅಕ್ಕ ಬಂದು ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತಳು. ಹುಡುಗನ ಅಮ್ಮನಿಗೆ ಅವಳು ಹಿಡಿಸಿದ್ದು ಮುಖದಲ್ಲೇ ಕಾಣುತ್ತಿತ್ತು, ಹತ್ತಿರ ಕರೆದು ಕೈ ಹಿಡಿದುಕೊಂಡರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಯಜಮಾನರು ಒಂದೇ ಒಂದು ಪ್ರಶ್ನೆ ಕೇಳಿದರು.

"ಏನವ್ವಾ, ನಿಮ್ಮನೇಲಿ ದಿನಾ ಕಾಫಿಗೆ ಬೆಲ್ಲಾನೋ, ಸಕ್ಕರೇನೋ?"

ಅಕ್ಕ ತಲೆ ಎತ್ತಿ ನೋಡಿದಳು. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು. ಅಪ್ಪ ನೆಲ ನೋಡುತ್ತಿದ್ದರು.

"ಸಕ್ಕರೆ" ಅಂದಳು ಅಕ್ಕ.

ಒಳ್ಳೇದು ಕಣವ್ವಾ, ಅಂದರು ಅವರು. ಎದ್ದು ಛತ್ರಿ ತಗೊಂಡರು. ರೈಲಿಗೆ ಇನ್ನೂ ಹೊತ್ತಿತ್ತು, ಆದರೂ ಹೊರಟರು. ಚಿಕ್ಕಪ್ಪ ಮಾತ್ರ ಸಂಭ್ರಮದಲ್ಲಿದ್ದರು. ಆಯ್ತು ಕಣಣ್ಣ, ಗೆದ್ಬಿಟ್ವಿ ಅಂತ ಉಳಿದ ಮೈಸೂರು ಪಾಕನ್ನು ಬೀದಿಯ ಮಕ್ಕಳಿಗೆಲ್ಲ ಹಂಚಿದರು.

ವಾರ ಕಳೆದು ಅಯ್ಯನವರು ಬಂದು ಜಗಲಿಯ ಮೇಲೆಯೇ ಕೂತರು. ಒಳಗೆ ಬರಲಿಲ್ಲ ಅಂದಾಗಲೇ ಅವ್ವನಿಗೆ ಗೊತ್ತಾಯಿತು. ಹುಡುಗಿ ಬಂಗಾರದಂಥವಳು, ನಮ್ಮದು ರಾಗಿ-ಬೆಲ್ಲದ ಮನೆ, ಸುಖದಲ್ಲಿ ಬೆಳೆದ ಮಗೂನ ತಂದು ಕಣ್ಣೀರು ಹಾಕಿಸೋದು ಬ್ಯಾಡ ಅಂದರಂತೆ ಆ ಯಜಮಾನರು. ಇನ್ನೂ ಒಂದು ಮಾತು ಇತ್ತು, ಅಯ್ಯನವರು ಅದನ್ನು ನುಂಗಿಕೊಳ್ಳಲು ನೋಡಿದರು, ಅಪ್ಪ ಬಿಡಲಿಲ್ಲ. ಮೇಷ್ಟ್ರ ಸಂಬಳದಲ್ಲಿ ಬೆಳ್ಳಿ ಲೋಟ, ಮಿಠಾಯಿ ಗೋಪುರ, ಖಾಲಿ ಜಟಕಾಗೆ ಎರಡು ಬಾಡಿಗೆ. ಇಂಥ ಕೈ ನೋಡ್ಕೊಂಡು ಬೆಳೆದ ಹುಡುಗಿ ನಮ್ಮ ಮನೆ ಎಷ್ಟು ದಿನ ಉಳಿಸ್ತಾಳೆ, ಅಂದಿದ್ದರಂತೆ.

ಅಪ್ಪನನ್ನು ದುಂದುಗಾರ ಅಂದವರು ಈ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ಅಪ್ಪನ ಮುಖ ನೋಡಿದೆ. ಒಳಗೆ ಅಕ್ಕ ಒರಳಿನಲ್ಲಿ ಬೆಲ್ಲ ಕುಟ್ಟುತ್ತಿದ್ದಳು, ಆ ಸದ್ದು ನಿಂತುಹೋಗಿತ್ತು.

ಬೇಡ ಅಂದ ಮನೆಗೆ ಹೆಣ್ಣಿನ ಅಪ್ಪ ಮತ್ತೆ ಹೋಗುವುದುಂಟಾ. ನಮ್ಮ ಕಡೆ ಅದು ಮಾನ ಹೋಗುವ ಕೆಲಸ. ಅಪ್ಪ ಹೋದರು. ಒಬ್ಬರೇ ಹೋದರೆ ಜನ ಏನಂದುಕೊಳ್ಳುತ್ತಾರೋ ಅಂತ, ಕಡೂರಿನಲ್ಲಿ ಕೆಲಸವಿದೆ ಅಂತ ಹೇಳಿ, ನನ್ನನ್ನೂ ಕರೆದುಕೊಂಡು ಹೊರಟರು. ಕಡೂರಿನಿಂದ ಬಸ್ಸು. ದಾರಿಯುದ್ದಕ್ಕೂ ಬಾಯಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಪಾಠ ಒಪ್ಪಿಸಲು ಹೊರಟ ಹುಡುಗನ ಹಾಗೆ ಕಂಡರು ನನಗೆ. ಅಪ್ಪನನ್ನು ಹಾಗೆ ನೋಡಲು ನನಗೆ ಇಷ್ಟವಾಗಲಿಲ್ಲ, ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಯಜಮಾನರು ಜಗಲಿಯಲ್ಲಿ ಹಳೇ ಹಗ್ಗದ ತುಂಡುಗಳನ್ನು ಬಿಚ್ಚಿ ಹೊಸ ಹಗ್ಗ ಹೊಸೆಯುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಾಗಿ ಎದ್ದು ಚಾಪೆ ಹಾಕಿದರು. ಅವರ ಹೆಂಡತಿ ಕಾಫಿ ತಂದರು, ಅರ್ಧರ್ಧ ಲೋಟ. ಬಾಯಿಗಿಟ್ಟರೆ ಬೆಲ್ಲ. ಅದೇ ನಮ್ಮ ಮನೆಯ ಬಣ್ಣ, ಅದೇ ಬಿಸಿ, ಎರಡನೇ ಸಲ ಕುದಿಸಿದ ಗಸಿಯ ಅದೇ ಕಹಿ. ಯಾಕೋ ನನಗೆ ಅಳು ಬಂದಂತಾಯಿತು.

ಅಪ್ಪ ಲೋಟ ಕೆಳಗಿಟ್ಟು ಮಾತು ಶುರು ಮಾಡಿದರು. ಆ ದಿನ ಕಂಡದ್ದು ಯಾವುದೂ ನಮ್ಮದಲ್ಲ ಅಂದರು. ಕುರ್ಚಿ ಡಾಕ್ಟರದು, ಲೋಟ ಇನ್ಯಾರದೋ ಅಂದರು. ಸೀಮೆಎಣ್ಣೆ ಚೀಲದ ವಿಷಯ ಹೇಳಿದರು, ಒಂದಾಣೆಗೆ ಆರು ಪೈಸೆಯ ಲೆಕ್ಕ ಹೇಳಿದರು. ಅಂಗಿಯನ್ನು ಎತ್ತಿ ಒಳಗಿನ ತೇಪೆ ಹಾಕಿದ ಬನೀನನ್ನೂ ತೋರಿಸಿದರು. ತನ್ನ ಜಿಪುಣತನಕ್ಕೆ ಸಾಕ್ಷಿ ಹುಡುಕುತ್ತಾ ನಮ್ಮಪ್ಪ ಬೇರೆಯವರ ಜಗಲಿಯಲ್ಲಿ ಕೂತಿದ್ದರು. ನಯಾಪೈಸೆಯ ಲೆಕ್ಕ ಯಜಮಾನರಿಗೆ ಬಹಳ ಹಿಡಿಸಿತು, ಇನ್ನೊಮ್ಮೆ ಹೇಳಿ ಅಂತ ಕೇಳಿಸಿಕೊಂಡು, ಬೆರಳಲ್ಲಿ ಎಣಿಸಿ ನೋಡಿ ತಲೆದೂಗಿದರು. ಆ ಗಳಿಗೆಯಲ್ಲಿ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬಿದೆ.

ಅವರ ಹೆಂಡತಿ ನನ್ನನ್ನು ಕೇಳಿದರು, ನೀನೇ ಹೇಳು ಮಗಾ, ನಿಮ್ಮನೇಲಿ ಏನು ಹಾಕ್ತಾರೆ ಕಾಫಿಗೆ? ಬೆಲ್ಲ ಅಂದೆ. ಜೋರಾಗಿಯೇ ಅಂದೆ. ಅವರು ನನ್ನ ತಲೆ ಸವರಿ ಗಂಡನ ಕಡೆ ನೋಡಿ ನಕ್ಕರು. ಹೇಳಿಕೊಟ್ಟು ಕರೆದುಕೊಂಡು ಬಂದಿದ್ದಾರೆ ಪಾಪ, ಅನ್ನುವ ನಗು. ನಿಜ ಹೇಳಿಯೂ ಸುಳ್ಳುಗಾತಿಯಾಗುವುದು ಹೇಗೆ ಅಂತ ಅವತ್ತು ಗೊತ್ತಾಯಿತು ನನಗೆ. ಮೈಯೆಲ್ಲ ಉರಿದುಹೋಯಿತು. ಆದರೆ ಇನ್ನೊಮ್ಮೆ ಬೆಲ್ಲ ಅನ್ನುವುದು ಬಿಟ್ಟು ನನ್ನ ಕೈಲಿ ಬೇರೆ ಏನಾಗುತ್ತಿತ್ತು?

ಯಜಮಾನರು ಹಗ್ಗವನ್ನು ಪಕ್ಕಕ್ಕಿಟ್ಟರು. ಕೆಟ್ಟವರಲ್ಲ ಅವರು, ಮಾತನ್ನು ಎಷ್ಟು ಮೆತ್ತಗೆ ಹೇಳಲು ಸಾಧ್ಯವೋ ಅಷ್ಟು ಮೆತ್ತಗೆ ಹೇಳಿದರು.

"ಮೇಷ್ಟ್ರೇ, ನೀವು ಹೇಳಿದ್ದೆಲ್ಲ ನಾನು ನಂಬ್ತೀನಿ ಅಂತಾನೇ ಇಟ್ಕಳಿ. ಆ ಮಗು ಸಕ್ಕರೆ ಅಂದ್ಲಲ್ಲ. ಅದು ದಿಟ ಆದ್ರೆ ನಮ್ಮನೆಗೆ ಹೊಂದಾಕಿಲ್ಲ. ದಿಟ ಅಲ್ದಿದ್ರೆ..."

ಉಳಿದದ್ದನ್ನು ಹೇಳುವುದು ಬೇಕಾಗಿರಲಿಲ್ಲ. ದಿಟ ಅಂದರೆ ಅಕ್ಕ ದುಂದುಗಾತಿ, ಅಲ್ಲ ಅಂದರೆ ಸುಳ್ಳುಗಾತಿ, ಹೇಗಂದರೂ ಸಂಬಂಧ ತಪ್ಪುತ್ತದೆ. ನಲವತ್ತು ಹುಡುಗರ ತರಗತಿಯನ್ನು ಒಂದು ಕೆಮ್ಮಿನಲ್ಲಿ ಸುಮ್ಮನಾಗಿಸುತ್ತಿದ್ದ ಅಪ್ಪ ಕೈ ಮುಗಿದರು. ಅದು ನಾವು ಹೇಳಿಕೊಟ್ಟ ಮಾತು ಯಜಮಾನ್ರೇ, ಅವಳದಲ್ಲ ಅಂದರು. ಇರಬಹುದು, ಅಂದರು ಅವರು. ಹುಡುಗ ಮನೆಯಲ್ಲಿರಲಿಲ್ಲ. ಇದ್ದಿದ್ದರೂ ತನ್ನ ಅಪ್ಪನ ಮುಂದೆ ಬಾಯಿ ತೆರೆಯುವ ಕಾಲ ಅದಾಗಿರಲಿಲ್ಲ. ಬಸ್ಸಿನ ಹತ್ತಿರದವರೆಗೂ ಯಜಮಾನರು ಬಂದು, ಆ ತೇಪೆಯ ಛತ್ರಿಯನ್ನು ಅಪ್ಪನ ತಲೆಗೆ ಹಿಡಿದು ನಿಂತು ಕಳಿಸಿಕೊಟ್ಟರು.

ಕಡೂರಿನಲ್ಲಿ ಇಳಿದ ಮೇಲೆ ಅಪ್ಪ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಹುಟ್ಟಿದ ಮೇಲೆ ಅವರ ಜೊತೆ ನಾನು ಹೋಟೆಲು ಹತ್ತಿದ್ದು ಅದೇ ಮೊದಲು. ಒಂದು ಮಸಾಲೆ ದೋಸೆ ಹೇಳಿದರು, ತಮಗೇನೂ ಹೇಳಲಿಲ್ಲ. ನಾನು ತಿನ್ನುವುದನ್ನು ನೋಡುತ್ತಾ, ಯಾವ ಚೀಲದಿಂದ ಇದಕ್ಕೆ ಕೊಡೋದು ಗೊತ್ತಾಗ್ತಿಲ್ಲ ಕಣೇ, ಅಂದರು. ಬಿಟ್ಟರೆ ಅಪ್ಪನಿಗೆ ಸಂಕಟವಾಗುತ್ತದೆ ಅಂತ ಅಷ್ಟನ್ನೂ ತಿಂದೆ.

ಸಂಬಂಧ ತಪ್ಪಿದ್ದು ತಿಳಿದು ಚಿಕ್ಕಪ್ಪ ಬಂದು ಅಪ್ಪನ ಕಾಲ ಹತ್ತಿರ ಕೂತು ಮಗುವಿನ ಹಾಗೆ ಅತ್ತರು. ನೀನೇನ್ ಮಾಡ್ತೀಯ ಬಿಡೋ, ಒಳ್ಳೇದಕ್ಕೇ ಮಾಡ್ದೆ, ಅಂದರು ಅಪ್ಪ. ಅವರಿಬ್ಬರೂ ಆಮೇಲೆ ಜಗಲಿಯಲ್ಲಿ ಕೂತು ಖರ್ಚು ತಾಳೆ ನೋಡಲಿಲ್ಲ. ಹಾಗಂತ ಯಾರೂ ಬದಲಾಗಲಿಲ್ಲ. ಬೆಳ್ಳಿ ಲೋಟ ವಾಪಸು ಕೊಡುವಾಗ ಚಿಕ್ಕಪ್ಪ ಆ ಸ್ನೇಹಿತರ ಮಕ್ಕಳಿಗೆ ಮಿಠಾಯಿ ತಗೊಂಡೇ ಹೋದರು. ಅಪ್ಪ ಅಟ್ಟದಿಂದ ಚೀಲಗಳನ್ನು ಇಳಿಸಿ ಮತ್ತೆ ಗೂಟಕ್ಕೆ ನೇತುಹಾಕಿದರು. ಬೈಯೋಣ ಅಂದರೆ ಯಾರನ್ನು ಬೈಯುವುದು? ತಪ್ಪು ಮಾಡಿದವರು ಯಾರೂ ಇರಲಿಲ್ಲ. ಅದೇ ನನಗೆ ತಡೆದುಕೊಳ್ಳಲು ಆಗದೆ ಇದ್ದದ್ದು.

ಮಾರನೇ ವರ್ಷ ಚಿಕ್ಕಪ್ಪನೇ ತರೀಕೆರೆಯಲ್ಲಿ ಒಂದು ಸಂಬಂಧ ನೋಡಿದರು. ಮದುವೆ ಜೋರಾಗಿ ಆಯಿತು, ಕೆಂಪು ಚೀಲದ ಬಂಗಾರವೆಲ್ಲ ಅಕ್ಕನ ಮೈಮೇಲೆ ಬಂತು. ಭಾವ ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಚಿಕ್ಕಪ್ಪನ ಇನ್ನೊಂದು ಅಚ್ಚು. ಒಂದನೇ ತಾರೀಕು ಅಕ್ಕನ ಮುಡಿಯಲ್ಲಿ ಹೂವು, ಮನೆಯಲ್ಲಿ ಮಿಠಾಯಿ, ಬಾಗಿಲಲ್ಲಿ ಸ್ನೇಹಿತರ ಚಪ್ಪಲಿ. ಕೊನೆಯ ವಾರದಲ್ಲಿ ಹೋದರೆ ಅಕ್ಕ ಡಬ್ಬಿಗಳನ್ನು ಅಲ್ಲಾಡಿಸಿ ನೋಡುತ್ತಿದ್ದಳು. ಅವಳೂ ಮೊದಮೊದಲು ಗೂಟಕ್ಕೆ ಚೀಲ ಹೊಲಿದು ಹಾಕಿದ್ದಳಂತೆ. ಭಾವ ಅದನ್ನು ನೋಡಿ ಬಿದ್ದು ಬಿದ್ದು ನಕ್ಕು, ನಿಮ್ಮಪ್ಪನ ಅಂಗಡಿ ಇಲ್ಲೂ ತೆರೆದುಬಿಟ್ಯಾ ಅಂದರಂತೆ. ಚೀಲಗಳು ಮಗುವಿನ ತೊಟ್ಟಿಲ ಬಟ್ಟೆಯಾದವು. ಬಂಗಾರದ ಬಳೆಗಳು ಒಂದೊಂದಾಗಿ ಗಿರವಿಗೆ ಹೋದವು. ಅಪ್ಪನಿಗೆ ಅದು ಗೊತ್ತಾಗದಿರಲಿ ಅಂತ ತವರಿಗೆ ಬರುವಾಗ ಅಕ್ಕ ಕೈತುಂಬ ಗಾಜಿನ ಬಳೆ ಇಟ್ಟುಕೊಂಡು ಬರುತ್ತಿದ್ದಳು. ಅಪ್ಪನಿಗೆ ಗೊತ್ತಿತ್ತು. ಅವರು ಅವಳ ಕೈ ನೋಡುವುದನ್ನೇ ಬಿಟ್ಟಿದ್ದರು.

ಮೂರನೇ ಬಾಣಂತನಕ್ಕೋ ಏನೋ ಬಂದಿದ್ದಾಗಿನ ಮಾತು. ಅಷ್ಟು ಹೊತ್ತಿಗೆ ನಾನೂ ದೊಡ್ಡವಳಾಗಿದ್ದೆ, ನನಗೂ ಗಂಡು ನೋಡುತ್ತಿದ್ದರು. ಮದುವೆಯಾಗಿ ಹೋದ ಮಗಳು ಅಂತ ಅವ್ವ ಅಕ್ಕನ ಕಾಫಿಗೆ ಮಾತ್ರ ಸಕ್ಕರೆ ಹಾಕಿ ಕೊಟ್ಟು ಹಿತ್ತಲಿಗೆ ಹೋದಳು. ಅಕ್ಕ ಅದನ್ನು ನನ್ನ ಕಡೆ ತಳ್ಳಿ, ನನ್ನ ಬೆಲ್ಲದ ಲೋಟ ತಗೊಂಡಳು. ಎರಡೂ ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಕುಡಿದಳು. ಕುಡಿದ ಮೇಲೆ ಒಂದು ಗುಟುಕು ನೀರು ಬಿಟ್ಟು ಲೋಟ ತಿರುಗಿಸಿದಳು. ಅಷ್ಟು ವರ್ಷ ಆ ಹುಡುಗ ನೋಡಲು ಬಂದ ದಿನದ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ, ನಾವೂ ಆಡಿರಲಿಲ್ಲ.

"ಬೆಲ್ಲ ಅಂತಾನೇ ಬಾಯಿಗ್ ಬಂದಿತ್ತು ಕಣೇ" ಅಂದಳು. "ಅವರಪ್ಪ ಕೇಳಿದ ತಕ್ಷಣ ಅವರು ತಲೆ ಎತ್ತಿ ನನ್ನೇ ನೋಡಿದ್ರು. ಆವತ್ತು ಒಂದೇ ಸಲ ನೋಡಿದ್ದು. ಕೈತಪ್ಪಿ ಹೋಗ್ತಾರೇನೋ ಅಂತ ಹೆದ್ರಿ ಹೇಳ್ಕೊಟ್ಟಿದ್ದನ್ನೇ ಅಂದ್ಬಿಟ್ಟೆ. ಅವರು ಬೆಲ್ಲ ಅನ್ನಲಿ ಅಂತ ಕಾಯ್ತಿದ್ರು."

ಲೋಟದಲ್ಲಿದ್ದ ನೀರನ್ನು ಕುಡಿದು, ಅದನ್ನು ತೊಳೆಯಲು ಎದ್ದು ಹೋದಳು.